ಮೈಲಾರ: ತುಂಗಭದ್ರೆಯ ದಡದ ಒಂದು ಚಿಕ್ಕ ಊರು



ಹೂವಿನಹಡಗಲಿ ತಾಲ್ಲೂಕಿನ ಪಡುವಣ ಅಂಚಿನಲ್ಲಿ, ತುಂಗಭದ್ರೆಯ ಬಲದಂಡೆಯ ಮೇಲೆ, ಜೋಳದ ಹೊಲಗಳ ನಡುವೆ ಇರುವ ಮೈಲಾರವು ವರ್ಷದ ಬಹುಕಾಲ ಸುತ್ತಲಿನ ಯಾವ ಹಳ್ಳಿಗಿಂತಲೂ ಭಿನ್ನವಾಗಿ ತೋರದು. ಆದರೆ ಮಾಘಮಾಸದ ಭರತ ಹುಣ್ಣಿಮೆ ಸಮೀಪಿಸಿತೆಂದರೆ, ಹಿಂಗಾರಿ ಜೋಳ ಕೊಯ್ಲಿಗೆ ಬಂದು, ಹೊಳೆಯ ನೀರು ಇಳಿದು ಮರಳದಿಣ್ಣೆಗಳು ತಲೆಯೆತ್ತುವ ಆ ಹೊತ್ತಿನಲ್ಲಿ, ಲಕ್ಷಾಂತರ ಜನರು ಎತ್ತಿನ ಬಂಡಿಗಳಲ್ಲಿಯೂ ಕಾಲ್ನಡಿಗೆಯಲ್ಲಿಯೂ ಮೈಲಾರಲಿಂಗನ ಜಾತ್ರೆಗೆ ಬಂದು ಇಲ್ಲಿ ಬಿಡಾರ ಹೂಡುವರು.

ಈ ನದಿಯು ಬಹುಕಾಲ ರಾಜ್ಯಗಳ ಗಡಿಯಾಗಿದ್ದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರುವವರೆಗೆ ಮೈಲಾರವು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಎದುರು ದಡದ ಧಾರವಾಡ ಸೀಮೆಯು 1956ರ ನವೆಂಬರ್‌ವರೆಗೆ ಮುಂಬಯಿಗೆ ಸೇರಿತ್ತು. ಕಾಗದದ ಮೇಲೆ ಹೀಗೆ ಹರಿದುಹೋಗಿದ್ದ ನಾಡನ್ನು ವರ್ಷಕ್ಕೊಮ್ಮೆ ಒಂದೇ ಬಯಲಿನಲ್ಲಿ ಕೂಡಿಸುತ್ತಿದ್ದುದು ಈ ಜಾತ್ರೆ. ಕರ್ನಾಟಕ ಏಕೀಕರಣದ ಇತಿಹಾಸವನ್ನು ಬರೆಯುವವರು ಸಭೆಗಳನ್ನೂ ನಿರ್ಣಯಗಳನ್ನೂ ನೆನೆಯುವಂತೆ ಇಂಥ ಜಾತ್ರೆಗಳನ್ನೂ ನೆನೆಯಬೇಕೆಂದು ನನ್ನ ಅಭಿಪ್ರಾಯ. ಗಡಿಗಳು ಆಮೇಲೂ ಬದಲಾದವು: 2021ರಿಂದ ಊರು ವಿಜಯನಗರ ಜಿಲ್ಲೆಗೆ ಸೇರಿದೆ.

ಮಣಿಕಾಸುರ, ಮಲ್ಲಾಸುರರೆಂಬ ದೈತ್ಯರನ್ನು ಸಂಹರಿಸಲು ಶಿವನು ಮೈಲಾರಲಿಂಗನಾಗಿ ಏಳು ಕೋಟಿ ಪರಿವಾರದೊಡನೆ ಇಳಿದು ಬಂದನೆಂಬುದು ಐತಿಹ್ಯ. 'ಏಳು ಕೋಟಿಗೋ' ಎಂಬ ಭಕ್ತರ ಘೋಷಕ್ಕೆ ಅದೇ ಮೂಲ. ಮಹಾರಾಷ್ಟ್ರದ ಜೇಜೂರಿಯಲ್ಲಿ ಇವನೇ ಖಂಡೋಬ, ತೆಲುಗು ನಾಡಿನಲ್ಲಿ ಮಲ್ಲನ್ನ. ಖಂಡೋಬನಿಗೆ ವರ್ತಕರ ಮನೆಯ ಮ್ಹಾಳ್ಸೆಯೂ ಕುರಿಗಾಹಿ ಧನಗರರ ಬಾಣಾಯಿಯೂ ಪತ್ನಿಯರು. ನಮ್ಮಲ್ಲಿ ಮೈಲಾರಲಿಂಗನ ಪತ್ನಿ ಗಂಗಿಮಾಳವ್ವನ ಕಥೆಯುಂಟು. ಒಕ್ಕಲಿಗ, ಕುರಿಗಾರ, ವ್ಯಾಪಾರಿ ಈ ಮೂವರೂ ಪರಸ್ಪರರಿಲ್ಲದೆ ಬಾಳಲಾರದ ಬಯಲುಸೀಮೆಯ ಜೀವನವೇ ದೇವರ ಸಂಸಾರವಾಗಿ ರೂಪುಗೊಂಡಿದೆಯೆಂದು ತೋರುತ್ತದೆ.

ಈ ದೇವರ ಸೇವೆಗೆ ನಿಂತ ಗೊರವರೆಂಬ ಭಕ್ತರನ್ನು ಹತ್ತಿರದಿಂದ ನೋಡಬೇಕು. ಮೈಮೇಲೆ ಕರಿಯ ಕಂಬಳಿಯ ನಿಲುವಂಗಿ, ತಲೆಗೆ ಕರಡಿಗೂದಲಿನ ಟೋಪಿ, ಕೈಯಲ್ಲಿ ಡಮರುಗ, ಹೆಗಲಲ್ಲಿ ಭಂಡಾರವೆಂಬ ಅರಿಸಿನಪುಡಿಯ ಚೀಲ. ದೋಣಿಸೇವೆಯೆಂಬ ಆಚರಣೆಯ ಹೊತ್ತಿಗೆ ಹಾಲು, ಬಾಳೆಹಣ್ಣು ಮೊದಲಾದವನ್ನು ದೋಣಿಯೆಂಬ ಪಾತ್ರೆಯಲ್ಲಿ ಕಲಸಿಟ್ಟರೆ, ತಾವು ಸ್ವಾಮಿಯ ನಾಯಿಗಳೆಂಬ ಭಾವದಿಂದ ಬೊಗಳುತ್ತ ಬಂದು ಬಾಯಿ ಹಚ್ಚಿ ಉಣ್ಣುವರು. ಅಹಂಕಾರವನ್ನು ಇಷ್ಟು ನೇರವಾಗಿ ಕಳಚುವ ವ್ರತ ಬೇರೊಂದನ್ನು ನಾನರಿಯೆ.

ಹುಣ್ಣಿಮೆ ಕಳೆದ ಮೇಲೆ ಡೆಂಕನಮರಡಿಯೆಂಬಲ್ಲಿ ಕಾರ್ಣಿಕ, ಅಂದರೆ ವರ್ಷದ ಭವಿಷ್ಯವಾಣಿ. ಉಪವಾಸವಿದ್ದ ಗೊರವಯ್ಯನು ಸಂಜೆಯ ಹೊತ್ತು ಎತ್ತರದ ಬಿಲ್ಲನ್ನೇರಿ ಆಕಾಶವನ್ನು ದಿಟ್ಟಿಸಿ 'ಸದ್ದಲೇ' ಎಂದು ಕೂಗಿದೊಡನೆ, ಆವರೆಗೆ ಸಮುದ್ರದಂತೆ ಮೊರೆಯುತ್ತಿದ್ದ ಜನಸ್ತೋಮ ಒಮ್ಮೆಲೇ ಸ್ತಬ್ಧವಾಗುತ್ತದೆ. ಆತನು ಒಂದೇ ಒಂದು ಮಾತನ್ನು ನುಡಿದು ಹಿಂದಕ್ಕೆ ಬೀಳುತ್ತಾನೆ; ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮರುಗಳಿಗೆಯಿಂದಲೇ ಆ ಮಾತಿನ ಅರ್ಥವಿಚಾರ ಮೊದಲಾಗುವುದು: ಮಳೆ ಹೇಗೆ, ಬೆಳೆ ಯಾವುದು, ರಾಜ್ಯವಾಳುವವರ ಗತಿಯೇನು? ಭವಿಷ್ಯವು ನಿಜವಾಯಿತೇ ಎಂಬ ಪ್ರಶ್ನೆಗಿಂತ, ಮಳೆಯನ್ನೇ ನೆಚ್ಚಿದ ಜನರು ಬರುವ ವರ್ಷದ ಆತಂಕವನ್ನು ಒಟ್ಟಾಗಿ ಕುಳಿತು ಚರ್ಚಿಸುವರೆಂಬುದೇ ನನಗೆ ಹೆಚ್ಚು ಮುಖ್ಯ.

ಜಾತ್ರೆಯ ದಿನಗಳಲ್ಲಿ ಭಂಡಾರ, ಕಂಬಳಿ, ಬೆಂಡು-ಬತ್ತಾಸು, ಮಂಡಕ್ಕಿಗಳ ಅಂಗಡಿಗಳು ಸಾಲುಗಟ್ಟುತ್ತವೆ. ಉಳಿದ ದಿನಗಳಲ್ಲಿ ಊರಿಗೆ ಹೊಲವೇ ಗತಿ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಜಾತ್ರೆಗೆ ಬರುವ ಕೈಮಗ್ಗದ ಕಂಬಳಿಗೂ ಅಂಥ ಆದರ ಬೇಕು. ಹತ್ತಿರದ ಕುರುವತ್ತಿಯಲ್ಲಿರುವ ಕಲ್ಯಾಣ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇಗುಲದ ಮದನಿಕೆಯರ ಶಿಲ್ಪಗಳನ್ನು ನೋಡದೆ ಮರಳುವುದು ನಷ್ಟವೇ ಸರಿ.

ಕಾರ್ಣಿಕದ ಒಂದು ಮಾತು ಮರುದಿನದ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಗೊರವರು ಹಾಡುವ ಮೈಲಾರಲಿಂಗನ ದೀರ್ಘ ಕಥೆಗೆ ಆ ಭಾಗ್ಯವಿಲ್ಲ. ನೀವು ಮೈಲಾರಕ್ಕೆ ಹೋದರೆ ಕಾರ್ಣಿಕವಾದೊಡನೆ ಹೊರಟುಬಿಡದೆ ಒಂದು ರಾತ್ರಿ ಉಳಿಯಿರಿ. ಹಿರಿಯ ಗೊರವರೊಬ್ಬರ ಬಳಿ ಕುಳಿತು ಆ ಕಥೆಯನ್ನು ಕೇಳಿ, ಅವರು ಒಪ್ಪಿದರೆ ಬರೆದಿಟ್ಟುಕೊಳ್ಳಿ.