ನಾರುಹುಣ್ಣು

ರಾಯಚೂರು ಸೀಮೆಯ ವೃದ್ಧರಿಗೆ ನಾರುಹುಣ್ಣೆಂದರೇನೆಂದು ವಿವರಿಸಬೇಕಾದುದಿಲ್ಲ, ಎಳೆಯರಿಗೆ ಹೇಳಬೇಕು. ಕಾಲಿನಲ್ಲೊಂದು ಬೊಕ್ಕೆಯೆದ್ದು ಒಡೆದು, ಅದರೊಳಗಿಂದ ಮೊಳಕ್ಕೂ ಮಿಕ್ಕ ಉದ್ದದ ಬಿಳಿಯ ಹುಳು ದಾರದಂತೆ ಹೊರಡುತ್ತಿದ್ದ ವ್ಯಾಧಿಯದು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯುವುದೇ ಚಿಕಿತ್ಸೆ. ಅವಸರಪಟ್ಟು ಹರಿದರೆ ಬಾಧೆ ಇಮ್ಮಡಿಸುತ್ತಿತ್ತು.

ನಮ್ಮವರು ಕಂಡದ್ದನ್ನೇ ಹೆಸರಾಗಿಟ್ಟರು: ನಾರು. ಲ್ಯಾಟಿನ್ ಹೆಸರಿನಲ್ಲಿ ಮದೀನಾ ನಗರವಿದೆ. ಇಂಗ್ಲಿಷಿನಲ್ಲಿ ಪಶ್ಚಿಮ ಆಫ್ರಿಕದ ಗಿನಿ ತೀರವಿದೆ. ರೋಗಕ್ಕೆ ಪರರ ನೆಲದ ಹೆಸರಿಟ್ಟವನಿಗೆ ಅದು ಆ ನೆಲದವರ ಸ್ವಭಾವವೇ ಎಂದು ತೋರುವುದು ಸುಲಭ. ಇಂಗ್ಲಿಷ್ ಓದಿದ ನಾವೂ ಬಹುಕಾಲ ಇದನ್ನು ಹಳ್ಳಿಗರ ಅಜ್ಞಾನವೆಂದೇ ಎಣಿಸಿದ್ದೆವು.

ಕಾರಣ ನೀರು. 1870ರ ಸುಮಾರಿಗೆ ರಷ್ಯದ ಫೆದ್ಚೆಂಕೊ ಇದನ್ನು ತುರ್ಕಿಸ್ಥಾನದಲ್ಲಿ ಕಂಡುಹಿಡಿದನು. ಮೆಟ್ಟಿಲ ಬಾವಿಗಿಳಿದು ಕೊಡ ತುಂಬುವವಳ ಹುಣ್ಣು ನೀರಿಗೆ ಸೋಂಕಿದೊಡನೆ ಹುಳು ತನ್ನ ಮರಿಗಳನ್ನು ಚೆಲ್ಲುವುದು. ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ಅವನ್ನು ನುಂಗುವುದು. ಆ ನೀರು ಕುಡಿದವರಿಗೆ ವರ್ಷದ ಮೇಲೆ ಹುಣ್ಣು. ಬೇರೆ ಬಾವಿಯೇ ಇಲ್ಲದವಳ ಮೇಲೆ ಅಜ್ಞಾನದ ಆರೋಪ ಹೊರಿಸುವುದು ನ್ಯಾಯವೆ?

ದೇವದುರ್ಗ ಕೃಷ್ಣೆಯ ಕಡೆಗೆ, ಮಾನ್ವಿ ತುಂಗಭದ್ರೆಯ ಕಡೆಗೆ. ನಡುವಣ ದೋಆಬಿಗಾಗಿ ಅರಸರು ಶತಮಾನಗಳ ಕಾಲ ಕಾದಾಡಿದರು. 1853ರಲ್ಲಿ ನಿಜಾಮರು ಸೈನ್ಯದ ವೆಚ್ಚಕ್ಕೆಂದು ಇದನ್ನು ಇಂಗ್ಲಿಷರ ವಶಕ್ಕಿತ್ತರು. 1860ರಲ್ಲಿ ಮರಳಿ ಪಡೆದರು. ಅಡವಿಟ್ಟ ಒಡವೆಯಂತೆ ಕೈಬದಲಾದ ನೆಲವಿದು! ಮುಂದೆ, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನೂ ಉರ್ದುವಿನಲ್ಲಿ ಕಲಿಸಿದರು. ಇಂಗ್ಲಿಷಿನೆದುರು ಆ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಕನ್ನಡವೊಂದನ್ನೇ ಬಲ್ಲ ಮಾನ್ವಿಯ ಒಕ್ಕಲಗಿತ್ತಿಗೆ ಉರ್ದುವೂ ದರ್ಬಾರಿನ ಭಾಷೆಯೇ. ತನ್ನ ನೋವನ್ನು ಆಕೆ ಯಾವ ಮಾತಿನಲ್ಲಿ ಹೇಳಿಕೊಳ್ಳಬೇಕು?

ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಮದ್ದೂ ಇಲ್ಲ. 1980ರ ದಶಕದಲ್ಲಿ ದೇಶವ್ಯಾಪಿಯಾಗಿ ಆರಂಭವಾದ ನಿರ್ಮೂಲನ ಕಾರ್ಯವು ಕೈಪಂಪುಗಳನ್ನೂ ಸೋಸುವ ಬಟ್ಟೆಯನ್ನೂ ನಂಬಿ ನಡೆಯಿತು. ಮೆಟ್ಟಿಲ ಬಾವಿಗಳನ್ನು ಮಾರ್ಪಡಿಸಿದರು. ಭಾರತದ ಕಡೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ಸಾರಲ್ಪಟ್ಟಿತು. ಬಾವಿಯನ್ನು ಬದಲಿಸಿದಾಗ, ಸ್ವಭಾವವೆಂದು ನಾವು ಕರೆದದ್ದೂ ಬದಲಾಯಿತು.

ನಮ್ಮ ಮನೆಯ ಹಿರಿಯಾಕೆಯೊಬ್ಬರ ಹಿಮ್ಮಡಿಯ ಮೇಲೆ ಅಂಥದೊಂದು ಕಲೆಯಿತ್ತು. ಬಾಗಿಲೆದುರು ಕೈಪಂಪು ಬಂದ ಮೇಲೂ ಅವರು ಹಳೆಯ ಸೀರೆಯ ತುಂಡನ್ನು ನಾಲ್ಕು ಪದರ ಮಡಿಸಿ ಕೊಡದ ಬಾಯಿಗೆ ಕಟ್ಟಿಯೇ ನೀರು ಹಿಡಿಯುತ್ತಿದ್ದರು. ನಾವು ನಗುತ್ತಿದ್ದೆವು.