ಫೋಟೋ ಹೇಗಿದೆ ಎಂದು ಕೇಳುವ ಮೊದಲು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹ ರೂಪ)



ಸಂಜೆಯಾಯಿತೆಂದರೆ ನಮ್ಮಲ್ಲಿ ಅನೇಕರ ಕೈಗೆ ಕ್ಯಾಮೆರಾ ಬರುತ್ತದೆ. ಆಫೀಸಿನ ಕಿಟಕಿಯಿಂದಲೋ, ಮನೆಯ ತಾರಸಿಯಿಂದಲೋ, ಭಾನುವಾರವಾದರೆ ಖಡಕವಾಸ್ಲಾ ಅಣೆಕಟ್ಟೆಯ ಹತ್ತಿರವೋ ಒಂದು ಸೂರ್ಯಾಸ್ತ ಹಿಡಿಯದಿದ್ದರೆ ಸಮಾಧಾನವಿಲ್ಲ. ತೆಗೆದದ್ದನ್ನು ನಾಲ್ಕು ಜನಕ್ಕೆ ತೋರಿಸಿ "ಹೇಗಿದೆ?" ಎನ್ನುತ್ತೇವೆ. ಅವರು "ಸೂಪರ್" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನಮಗೂ ಖುಷಿ, ಅವರಿಗೂ ಬಿಡುಗಡೆ. ಆದರೆ ಮುಂದಿನ ಫೋಟೋ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ. ಯಾಕೆ ಹೀಗೆ? ನನ್ನದೇ ಒಂದು ಫಜೀತಿಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅಪ್ಪ ಧಾರವಾಡದಿಂದ ಪುಣೆಗೆ ಬಂದಿದ್ದರು. ಅಕ್ಟೋಬರ್ ತಿಂಗಳು. ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು. ಪರ್ವತಿ ಗುಡ್ಡಕ್ಕೆ ಹೋಗೋಣ ಎಂದರು. ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ ದೇವಸ್ಥಾನ, ಹತ್ತಲು 103 ಮೆಟ್ಟಿಲು. ನಡುವೆ ಎರಡು ಸಲ ಕೂತು, ಮೆಟ್ಟಿಲು ಎಣಿಸುತ್ತಾ ಅಪ್ಪ ಮೇಲೆ ಬಂದೇಬಿಟ್ಟರು. ಕಟ್ಟೆಯ ಮೇಲೆ ಕೂತು, ಏದುಸಿರು ಬಿಡುತ್ತಲೇ ನಕ್ಕರು. ಹಿಂದೆ ಊರು, ಅದರ ಮೇಲೆ ಕೆಂಪು ಆಕಾಶ. ನಾನು ಕ್ಲಿಕ್ಕಿಸಿದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಕೂತೆ. ಬಣ್ಣ ಹೆಚ್ಚಿಸುವ ಪಟ್ಟಿಯನ್ನು ಬಲಕ್ಕೆ ಎಳೆದೆ, ಇನ್ನೂ ಎಳೆದೆ. ಆಕಾಶ ಕೇಸರಿಬಾತಿನ ಬಣ್ಣಕ್ಕೆ ಬಂತು. ಆಫೀಸಿನಲ್ಲಿ ಎಲ್ಲರೂ ಸೂಪರ್ ಎಂದರು.

ನಮ್ಮ ಕನ್ನಡ ಬಳಗದಲ್ಲಿ ಒಬ್ಬರು ಕಾಕಾ ಇದ್ದಾರೆ. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಫೋಟೋ ಸ್ಟುಡಿಯೋ ನಡೆಸಿ, ಈಗ ಮಗನ ಮನೆಯೆಂದು ಪುಣೆಯಲ್ಲಿರುವವರು. ಅವರಿಗೆ ಮೊಬೈಲಿನಲ್ಲಿ ತೋರಿಸಲು ಹೋದರೆ "ಪ್ರಿಂಟ್ ತಗೊಂಡ್ ಬಾ" ಎಂದರು. ಮರುವಾರ ಒಯ್ದೆ. ಬಹಳ ಹೊತ್ತು ನೋಡಿ ಕೇಳಿದರು: "ಏನಪಾ, ಇದು ಆಕಾಶದ ಫೋಟೋನೋ, ನಿಮ್ಮ ಅಪ್ಪಾರ ಫೋಟೋನೋ?"

"ಅಪ್ಪನ ಫೋಟೋ ಕಾಕಾ."

"ಮತ್ತ ಅವರ ಮಾರೀನ ಕಾಣವಲ್ದಲ್ಲ!"

ನೋಡಿದರೆ ನಿಜ. ಅಪ್ಪನ ಮುಖದ ಜಾಗದಲ್ಲಿ ಒಂದು ಕಪ್ಪು ಆಕಾರ. ಆ ನಗು ನನ್ನ ನೆನಪಿನಲ್ಲಿತ್ತು, ಆದ್ದರಿಂದ ಚಿತ್ರದಲ್ಲೂ ಇದೆಯೆಂದು ಅಂದುಕೊಂಡಿದ್ದೆ. ಆಫೀಸಿನವರು ಹೊಗಳಿದ್ದು ಆಕಾಶವನ್ನು. ಆಕಾಶ ಎಲ್ಲಿಯಾದರೂ ಸಿಗುತ್ತದೆ.

ಕಾಕಾ ಒಳಗಿನಿಂದ ಎರಡು ರಟ್ಟಿನ ತುಂಡು ತಂದರು. ಬಡಗಿಯ ಮೂಲೆಮಟ್ಟದ ಹಾಗೆ ಕತ್ತರಿಸಿದ್ದವು. ಅವೆರಡನ್ನೂ ಎದುರುಬದುರು ಇಟ್ಟರೆ ಒಂದು ಚೌಕಟ್ಟು. ಅದನ್ನು ಪ್ರಿಂಟಿನ ಮೇಲೆ ಸರಿಸುತ್ತಾ ಹೋದರು. ಮೇಲಿನ ಅರ್ಧ ಆಕಾಶ ಮುಚ್ಚಿದರು. ಬಲಕ್ಕಿದ್ದ ಮೊಬೈಲ್ ಟವರ್ ಮುಚ್ಚಿದರು. ಓರೆಯಾಗಿದ್ದ ದಿಗಂತ ನೇರವಾಗುವ ಹಾಗೆ ರಟ್ಟನ್ನು ತಿರುಗಿಸಿದರು. ಅಂಚಿನಲ್ಲಿ ಸಣ್ಣಗೆ ಕೂತಿದ್ದ ಅಪ್ಪ ಈಗ ಚಿತ್ರದ ಯಜಮಾನರಾದರು. ಬಣ್ಣ ಮುಟ್ಟಿರಲಿಲ್ಲ, ಕಂಪ್ಯೂಟರ್ ತೆರೆದಿರಲಿಲ್ಲ. ನೀವೂ ಇದನ್ನು ಮಾಡಬಹುದು. ಒಂದು ಹಳೇ ಕ್ಯಾಲೆಂಡರಿನ ರಟ್ಟು ಸಾಕು.

ಇನ್ನು ಮುಖದ ಕತ್ತಲೆ. ಮತ್ತೊಮ್ಮೆ ತೆಗೆಯೋಣವೆಂದರೆ ಅಪ್ಪನ ಮೊಣಕಾಲು ಈಗ ಹತ್ತು ಮೆಟ್ಟಿಲಿಗೂ ಒಪ್ಪುವುದಿಲ್ಲ. ಇರುವುದು ಅದೊಂದೇ ಚಿತ್ರ. ನಾನೋ ಬಣ್ಣ ಎಳೆದದ್ದನ್ನು ಮೂಲ ಚಿತ್ರದ ಮೇಲೆಯೇ ಸೇವ್ ಮಾಡಿಬಿಟ್ಟಿದ್ದೆ! ಪುಣ್ಯಕ್ಕೆ ಕ್ಯಾಮೆರಾದ ಕಾರ್ಡನ್ನು ಅಳಿಸಿರಲಿಲ್ಲ, ಮೂಲ ಅಲ್ಲಿತ್ತು. ಹಾಗಾಗಿ ಮೊದಲ ಮಾತು: ಮೂಲ ಚಿತ್ರವನ್ನು ಬೇರೆ ಎತ್ತಿಡಿ, ತಿದ್ದುವುದು ಪ್ರತಿಯಲ್ಲಿ ಮಾತ್ರ.

ಮುಖ ಯಾಕೆ ಕಪ್ಪಾಯಿತು? ಕ್ಯಾಮೆರಾ ಒಟ್ಟು ಬೆಳಕನ್ನು ಅಳೆಯುತ್ತದೆ. ಹಿಂದೆ ಹೊಳೆಯುವ ಆಕಾಶವಿದ್ದರೆ ಬೆಳಕು ಹೆಚ್ಚಾಯಿತೆಂದು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಒತ್ತಿ ತೆಗೆಯಿರಿ. ಕ್ಯಾಮೆರಾದಲ್ಲಿ 'ರಾ' ಎಂಬ ಆಯ್ಕೆ ಇದ್ದರೆ ಬಳಸಿ. ಮಾಮೂಲಿ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲೆಯಿಂದ ಬೆಳಕಿಗೆ 256 ಮೆಟ್ಟಿಲು, 12 ಬಿಟ್ಟಿನ ರಾ ಫೈಲಿನಲ್ಲಿ 4096. ಮೆಟ್ಟಿಲು ಹೆಚ್ಚಿದ್ದಷ್ಟೂ ಕತ್ತಲೆಯಿಂದ ಮುಖವನ್ನು ಮೇಲೆತ್ತುವುದು ಸುಲಭ. ನನ್ನದು ಜೆಪೆಗ್. ಸ್ವಲ್ಪ ಎತ್ತುವಷ್ಟರಲ್ಲಿ ಕೆನ್ನೆಯ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳಾಯಿತು. ಕಾಳು ಕಾಣುವ ಮುಂಚೆಯೇ ನಿಲ್ಲಿಸಿದೆ. ನಗು ಕಾಣಿಸಿತು, ಸಾಕು.

ತಿದ್ದುವುದೇ ತಪ್ಪು ಎನ್ನುವವರೂ ಇದ್ದಾರೆ. ಅವರಿಗೆ ಒಂದು ಪ್ರಸಿದ್ಧ ಸಂಜೆಯ ಕಥೆ ಹೇಳಬೇಕು. 1941ರ ನವೆಂಬರ್ 1ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆನ್ಸೆಲ್ ಆಡಮ್ಸ್ ಕಾರಿನಲ್ಲಿ ಹೋಗುತ್ತಿದ್ದರು. ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಬಂದಿದ್ದ. ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಲೆಕ್ಕ ನೆನಪಿತ್ತು, ಅದರ ಮೇಲೆಯೇ ತೆಗೆದರು. ಎರಡನೆಯದನ್ನು ತೆಗೆಯುವಷ್ಟರಲ್ಲಿ ಬಿಸಿಲು ಹೋಗಿತ್ತು. ಆ ಒಂದೇ ನೆಗೆಟಿವ್ ಇಟ್ಟುಕೊಂಡು ಅವರು ದಶಕಗಳ ಕಾಲ ಪ್ರಿಂಟ್ ಹಾಕಿದರು. 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು, ಕೊನೆಕೊನೆಯ ಪ್ರಿಂಟುಗಳಲ್ಲಿ ಆಕಾಶವನ್ನು ಹೆಚ್ಚುಕಡಿಮೆ ಕಪ್ಪಾಗಿಸಿದರು. ಆದರೆ ಅಲ್ಲಿ ಇಲ್ಲದ್ದನ್ನು ತಂದಿಡಲಿಲ್ಲ. ತಾವು ಕಂಡದ್ದು ಎದ್ದು ಕಾಣಲೆಂದು ಬೆಳಕನ್ನು ಹಂಚಿದರು, ಅಷ್ಟೇ.

ಎಲ್ಲಿ ನಿಲ್ಲಿಸಬೇಕು? ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ನಿಯಮ ಬಿಗಿ. ಏನನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ಅಂಚು ಕತ್ತರಿಸುವುದರ ಹೊರತು ಏನನ್ನೂ ತೆಗೆಯುವಂತಿಲ್ಲ. ಮನೆಯ ಚಿತ್ರಕ್ಕೆ ಅಷ್ಟು ಕಟ್ಟುನಿಟ್ಟು ಬೇಡ. ಆದರೂ ನಾನು ಅಪ್ಪನ ಹಣೆಯ ಬೆವರು ಒರೆಸಲು ಹೊರಟಾಗ ಕಾಕಾ ತಡೆದರು. "ಬೆವರ ತಗೀಬ್ಯಾಡ. ಅವರು ನೂರಾ ಮೂರು ಮೆಟ್ಟಲ ಹತ್ತಿದ್ದು ಅದರಾಗ ಐತಿ."

ಹಾಗಾದರೆ ಅಭಿಪ್ರಾಯ ಕೇಳುವುದು ಹೇಗೆ? "ಹೇಗಿದೆ?" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಸಜ್ಜನರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಮೂರು ಪ್ರಶ್ನೆ ಕೇಳಿ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಏನು ಅಡ್ಡ ಬಂತು? ಯಾವುದನ್ನು ಕತ್ತರಿಸಿದರೆ ಚಿತ್ರಕ್ಕೆ ನಷ್ಟವಿಲ್ಲ? ಉತ್ತರ ಬರುವಾಗ "ಅದು ಹಾಗಲ್ಲ, ಆ ದಿನ ಏನಾಯಿತೆಂದರೆ..." ಎಂದು ವಿವರಿಸಲು ಹೋಗಬೇಡಿ. ಚಿತ್ರ ಗೋಡೆಯ ಮೇಲಿರುವಾಗ ಪಕ್ಕದಲ್ಲಿ ನೀವು ನಿಂತಿರುವುದಿಲ್ಲ. ತಿದ್ದಿದ ಮೇಲೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ. ರಾತ್ರಿ ಚೆಂದ ಕಂಡ ಬಣ್ಣ ಬೆಳಿಗ್ಗೆ ಹೆಚ್ಚೆನಿಸಿದರೆ ಅದು ಹೆಚ್ಚೇ. ಬೆಂಗಳೂರಿನಲ್ಲಿರುವ ಕೇಳುಗರಿಗೆ 1971ರಿಂದ ನಡೆದುಬಂದಿರುವ ಯೂತ್ ಫೋಟೋಗ್ರಫಿಕ್ ಸೊಸೈಟಿಯಂಥ ಸಂಘವಿದೆ. ಉಳಿದವರಿಗೆ ನೇರವಾಗಿ ಮಾತಾಡುವ ಒಬ್ಬ ಕಾಕಾ ಸಿಕ್ಕರೂ ಸಾಕು.

ಕೊನೆಗೊಂದು ಉಪಯೋಗದ ಮಾತು. ಮೇ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು 6-40ರ ಸುಮಾರಿಗೆ, ಪುಣೆಯಲ್ಲಿ ಏಳು ದಾಟುತ್ತದೆ. ಡಿಸೆಂಬರಿನಲ್ಲಿ ಇಲ್ಲಿಯೂ ಆರಕ್ಕೇ ಕತ್ತಲೆ ಹತ್ತಿರ. ಮುಳುಗಿದ ಕೂಡಲೇ ಕ್ಯಾಮೆರಾ ಚೀಲಕ್ಕೆ ಹಾಕಬೇಡಿ. ಮುಂದಿನ ಸುಮಾರು 20 ನಿಮಿಷ ಆಕಾಶದ ಹೊಳಪು ಇಳಿದು, ಮುಖದ ಮೇಲೂ ಹದವಾದ ಬೆಳಕಿರುತ್ತದೆ. ಆವತ್ತು ಪರ್ವತಿಯ ಮೇಲೆ ನಾನು ಆ 20 ನಿಮಿಷ ಕಾದಿದ್ದರೆ ಇಷ್ಟೆಲ್ಲ ತಿದ್ದುವ ಕೆಲಸವೇ ಇರುತ್ತಿರಲಿಲ್ಲ.

ತಿದ್ದಿದ ಪ್ರಿಂಟನ್ನು ಧಾರವಾಡಕ್ಕೆ ಕಳಿಸಿದೆ. ಅಪ್ಪ ಫೋನ್ ಮಾಡಿ, "ಭಾಳ ದಣಿದಂಗ ಕಾಣಸ್ತೀನಿ. ಇರಲಿ, ಹತ್ತಿದ್ನಲ್ಲ!" ಎಂದು ನಕ್ಕರು. ಈಗ ಅದು ಅವರ ಮನೆಯ ಪಡಸಾಲೆಯಲ್ಲಿದೆ.

ಈ ಭಾನುವಾರ ನಿಮ್ಮ ಹಳೆಯ ಸಂಜೆಯ ಚಿತ್ರವೊಂದನ್ನು ಹೊರತೆಗೆಯಿರಿ. ಅದು ಆಕಾಶದ್ದೋ, ಮನುಷ್ಯರದ್ದೋ ಎಂದು ಮೊದಲು ನೀವೇ ಕೇಳಿಕೊಳ್ಳಿ. ಆಮೇಲೆ ಇನ್ನೊಬ್ಬರನ್ನು ಕೇಳಿ.