ಗಾಡಿಯ ಖರ್ಚು, ಆದಾಯ ತೆರಿಗೆ ಮತ್ತು ನಮ್ಮ ಲೆಕ್ಕದ ಪುಸ್ತಕ

(ಸಂಘದ ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾಗರಬಾವಿಯಲ್ಲಿ ನಮ್ಮ ಹಿರಿಯರು ರಾಗಿ ಬೆಳೆದ ಹೊಲಗಳು ಇಂದು ಬಡಾವಣೆಗಳಾಗಿವೆ. ಆ ಮನೆತನಗಳ ಎಷ್ಟೋ ಮಕ್ಕಳು ಈಗ ರಿಂಗ್ ರೋಡಿನಲ್ಲಿ ಓಲಾ, ಊಬರ್, ನಮ್ಮ ಯಾತ್ರಿ ಎಂದು ಟ್ಯಾಕ್ಸಿ, ಆಟೋ ಓಡಿಸುತ್ತಿದ್ದಾರೆ. ಅವರು ಯಾರ ಹತ್ತಿರವೂ ಸಂಬಳಕ್ಕಿಲ್ಲ. ಕಾನೂನಿನ ಕಣ್ಣಿನಲ್ಲಿ ಅದು ಅವರ ಸ್ವಂತ ವ್ಯಾಪಾರ.

ನಮ್ಮ ಸದಸ್ಯರೊಬ್ಬರ ಮಗ ಎರಡನೇ ಗಾಡಿಗೆ ಸಾಲ ಕೇಳಲು ಹೋದ. ಬ್ಯಾಂಕಿನವರು ಮೂರು ವರ್ಷದ ರಿಟರ್ನ್ ಕೇಳಿದರು. "ಗಾಡಿ ಓಡ್ಸೋನಿಗೆ ಯಾವ ಟ್ಯಾಕ್ಸು ಸ್ವಾಮಿ?" ಅಂದ. ಸಾಲ ಸಿಗಲಿಲ್ಲ. ಈ ಮಾತು ಇಲ್ಲಿ ಕೂತಿರುವ ಅನೇಕರ ಮಾತೂ ಹೌದು. ಅದಕ್ಕೇ ಇವತ್ತು ಈ ವಿಷಯ.

ಮೊದಲನೆಯದು: ತೆರಿಗೆ ಕಲೆಕ್ಷನ್ನಿಗಲ್ಲ, ಖರ್ಚು ಕಳೆದು ಉಳಿದ ಲಾಭಕ್ಕೆ. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷದವರೆಗಿದ್ದರೆ ತೆರಿಗೆ ಬೀಳುವುದಿಲ್ಲ. ಆದರೆ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಬಂದರೂ ಖರ್ಚು ಕಳೆಯುವ ಈ ತತ್ವ ಬದಲಾಗಿಲ್ಲ.

ಯಾವ ಖರ್ಚು ಕಳೆಯಬಹುದು? ಡೀಸೆಲ್, ಗ್ಯಾಸು, ಟೈರು, ಸರ್ವಿಸು, ಇನ್ಶೂರೆನ್ಸ್, ಪರ್ಮಿಟ್ಟು, ಎಫ್‌ಸಿ, ಟೋಲು, ಕಂಪನಿ ಹಿಡಿದುಕೊಳ್ಳುವ ಕಮಿಷನ್ನು ಅಥವಾ ದಿನದ ಫೀಸು. ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಸಿಗ್ನಲ್ ಹಾರಿ ಕಟ್ಟಿದ ದಂಡವೂ ಖರ್ಚಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ.

ಇನ್ನು ಸವಕಳಿ. ಬಾಡಿಗೆಗೆ ಓಡುವ ಟ್ಯಾಕ್ಸಿಗೆ ವರ್ಷಕ್ಕೆ ಶೇಕಡಾ 30. ಗಾಡಿಯ ಬೆಲೆ 6 ಲಕ್ಷವಾದರೆ ಮೊದಲ ವರ್ಷ 1,80,000 ರೂಪಾಯಿ ಕಳೆಯಬಹುದು. ಎರಡನೇ ವರ್ಷ ಉಳಿದ 4,20,000ದ ಮೇಲೆ 1,26,000. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಅರ್ಧ ಮಾತ್ರ.

ಅದೇ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದರೆ ಆ ಪಾಲು ಸ್ವಂತದ್ದು. ವರ್ಷಕ್ಕೆ 48,000 ಕಿಲೋಮೀಟರಿನಲ್ಲಿ 6,000 ಸ್ವಂತಕ್ಕೆ ಓಡಿದ್ದರೆ ಎಂಟರಲ್ಲಿ ಒಂದು ಪಾಲು ಖರ್ಚನ್ನು ಬಿಡಬೇಕು. ಅದಕ್ಕೇ ಮೀಟರ್ ರೀಡಿಂಗ್ ಬರೆದಿಡಿ ಎನ್ನುವುದು.

ಇಷ್ಟೆಲ್ಲ ಬರೆಯಲಾರೆವು ಎನ್ನುವವರಿಗೆ ಅಂದಾಜು ಲಾಭದ ದಾರಿಯೂ ಇದೆ. ವಸೂಲಿ ಬ್ಯಾಂಕಿನ ಮೂಲಕ ಬಂದಿದ್ದರೆ ಶೇಕಡಾ 6, ನಗದಾಗಿ ಬಂದಿದ್ದರೆ ಶೇಕಡಾ 8, ನಿಜವಾದ ಲಾಭ ಹೆಚ್ಚಿದ್ದರೆ ಆ ಹೆಚ್ಚಿನದು, ಲಾಭವೆಂದು ತೋರಿಸಬಹುದು. ಆಗ ಡೀಸೆಲ್ಲು, ಸವಕಳಿ ಬೇರೆ ಕಳೆಯುವಂತಿಲ್ಲ. ಸೇರಿ ನಡುವೆ ಬಿಟ್ಟರೆ ಮುಂದಿನ 5 ವರ್ಷ ಮತ್ತೆ ಸೇರುವಂತಿಲ್ಲ. ಇಲ್ಲೊಂದು ಎಚ್ಚರಿಕೆ. 9 ಲಕ್ಷ ದುಡಿದು 54,000 ಲಾಭ ಎಂದು ಬರೆದವನನ್ನು ಬ್ಯಾಂಕಿನವರು, "ಕಂತು ಯಾವುದರಲ್ಲಿ ಕಟ್ತೀಯಪ್ಪ?" ಎಂದು ಕೇಳದೇ ಬಿಡುವುದಿಲ್ಲ. ನಿಜ ಬರೆದವನಿಗೇ ಸಾಲವೂ ನೆಮ್ಮದಿಯೂ.

ಮತ್ತೊಂದು ಮಾತು. ಗಿರಾಕಿ ಕೊಟ್ಟ ಪೂರ್ತಿ ಬಾಡಿಗೆಯನ್ನು ಆದಾಯವೆಂದು ಬರೆದು, ಕಮಿಷನ್ನನ್ನು ಖರ್ಚಿನಲ್ಲಿ ತೋರಿಸಿ. ಕಂಪನಿ ಮೂಲದಲ್ಲೇ ತೆರಿಗೆ ಹಿಡಿದಿದ್ದರೆ ಇಲಾಖೆಗೆ ಹೋಗುವುದು ಪೂರ್ತಿ ಬಾಡಿಗೆಯ ಲೆಕ್ಕ. ನಿಮ್ಮ ಕೈಗೆ ಬಂದಷ್ಟೇ ಬರೆದರೆ ಎರಡೂ ತಾಳೆಯಾಗವು. ಹಿಡಿದ ಹಣ ವಾಪಸು ಬರಬೇಕಾದರೂ ರಿಟರ್ನ್ ಹಾಕಬೇಕು.

1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತರ ಕೈಯಲ್ಲಿ ದೊಡ್ಡ ಬಂಡವಾಳವಿರಲಿಲ್ಲ. ಸಂಘಗಳು ನಿಂತದ್ದು ನಂಬಿಕೆಯ ಮೇಲೆ, ಆ ನಂಬಿಕೆ ನಿಂತದ್ದು ಕಿರ್ದಿ ಪುಸ್ತಕದ ಮೇಲೆ. ನಮ್ಮ ಸಂಘ 25 ವರ್ಷ ಬಾಳಿದ್ದೂ ಹಾಗೆಯೇ. ಆದ್ದರಿಂದ ಗಾಡಿ ಇರುವ ಪ್ರತಿ ಮನೆಯೂ ಇವತ್ತೇ ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ಕು ತರಲಿ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಐದು ನಿಮಿಷ ಬರೆಯಲಿ, ರಸೀದಿಗಳನ್ನು ಒಂದು ಡಬ್ಬಿಗೆ ಹಾಕಲಿ. ಹುಡುಗರಿಗೆ ಪುರುಸೊತ್ತಿಲ್ಲದಿದ್ದರೆ ತಾಯಂದಿರೇ, ನೀವು ಬರೆಸಿ.